ಐರ್ಲೆಂಡಿನ ಸಣ್ಣ ಪ್ರಕಾಶಕರು: ಹಸ್ತಪ್ರತಿ ಯಾರಿಗೆ ಕಳಿಸಬೇಕು, ಯಾರಿಗೆ ಕಳಿಸಬಾರದು?

ರಾತ್ರಿಪಾಳಿ, ಗಾಲ್ವೇ · ಭಾನುವಾರ, ಬೆಳಿಗ್ಗೆ 9:10

ಎಲ್ಲರಿಗೂ ನಮಸ್ಕಾರ. ನಾನು ಸಾಗರದ ಕಡೆಯವಳು. ಗಾಲ್ವೇಯಲ್ಲಿ ನರ್ಸ್ ಆಗಿ ಇದು ಏಳನೆಯ ವರ್ಷ. ರಾತ್ರಿ ಪಾಳಿ ಮುಗಿಸಿ ಬಂದರೆ ಕೂಡಲೇ ನಿದ್ದೆ ಹತ್ತುವುದಿಲ್ಲ. ಆ ಹೊತ್ತಿನಲ್ಲಿ ಕುಳಿತು ಬರೆದ ಕಥೆಗಳು ಈಗ ಹನ್ನೊಂದಾಗಿವೆ. ಮೊದಲು ಕನ್ನಡದಲ್ಲಿ ಬರೆದೆ, ಆಮೇಲೆ ನಾನೇ ಇಂಗ್ಲಿಷಿಗೆ ತಂದೆ. ಅರ್ಧದಷ್ಟು ಕಥೆಗಳು ಅಡಿಕೆ ಸುಲಿಯುವ ಚಪ್ಪರದಲ್ಲಿ ನಡೆಯುತ್ತವೆ, ಉಳಿದವು ಇಲ್ಲಿಯ ವಾರ್ಡಿನಲ್ಲಿ.

ಕಳೆದ ತಿಂಗಳು ಅಂತರ್ಜಾಲದಲ್ಲಿ ಕಂಡ ಒಂದು ಪ್ರಕಾಶನಕ್ಕೆ ಕಳಿಸಿದ್ದೆ. ಒಂಬತ್ತೇ ದಿನಕ್ಕೆ ಉತ್ತರ ಬಂತು. ಸಂಪಾದಕ ಮಂಡಳಿಗೆ ಬಹಳ ಹಿಡಿಸಿದೆಯಂತೆ, ಖಂಡಿತ ಪ್ರಕಟಿಸುತ್ತಾರಂತೆ, ನನ್ನ ಪಾಲಿನ ವೆಚ್ಚ ಮಾತ್ರ 3,800 ಯೂರೋ ಅಂತೆ. ಒಂದು ಸಂಜೆ ಪೂರ್ತಿ ನೆಲದ ಮೇಲೆ ಕಾಲಿರಲಿಲ್ಲ. ಯಜಮಾನರು ಮೊತ್ತ ನೋಡಿ ಚಹಾದ ಲೋಟ ಕೆಳಗಿಟ್ಟರು, ಏನೂ ಹೇಳಲಿಲ್ಲ. ಇಲ್ಲಿ ಹೀಗೆಯೇ ಪದ್ಧತಿಯೇ? ಐರ್ಲೆಂಡಿನ ಸಣ್ಣ ಪ್ರಕಾಶಕರಿಗೆ ಕಳಿಸಿದ ಅನುಭವ ಯಾರಿಗಾದರೂ ಇದೆಯೇ? ನನ್ನಂಥ ಹೊಸಬರಿಗೆ ಏನಾದರೂ ನೆರವು ಸಿಗುತ್ತದೆಯೇ?

ಕಾರ್ಕಿನ ಕಿಟಕಿ · ಭಾನುವಾರ, ಬೆಳಿಗ್ಗೆ 10:02

ಕೊಡಬೇಡಿ ಅಕ್ಕ. ನಾನು ಕೊಟ್ಟವನು.

ಯಾವ ಸಂಸ್ಥೆ, ಯಾವ ದೇಶದ್ದು ಎಂದು ಹೇಳುವುದಿಲ್ಲ. ಪತ್ರದ ಧಾಟಿ ಮಾತ್ರ ನೀವು ಹೇಳಿದ್ದೇ. ನನ್ನ ಪಾಲು 2,600 ಯೂರೋ ಎಂದರು, ಕಟ್ಟಿದೆ. ಮುನ್ನೂರು ಪ್ರತಿ ಹತ್ತು ಪೆಟ್ಟಿಗೆಗಳಲ್ಲಿ ಮನೆ ಬಾಗಿಲಿಗೆ ಬಂದವು. ಒಂದನ್ನು ತೆಗೆದು ನಡುವಿಗೆ ಬಿಡಿಸಿದೆ. ಬೆನ್ನಿನ ಅಂಟು ಚಟ್ಟನೆ ಬಿರಿದು ಹದಿನಾರು ಪುಟ ಮಡಿಲಿಗೆ ಬಿದ್ದವು. ಬಿದ್ದ ಪುಟಗಳನ್ನು ಎತ್ತಿಕೊಂಡಾಗ ಕಣ್ಣಿಗೆ ಬಿದ್ದದ್ದು ಇನ್ನೊಂದು: 47ನೆಯ ಪುಟದಲ್ಲಿ ನಾಯಕಿ ಸುಮಾ, 49ರಲ್ಲಿ ಸೀಮಾ. ತಪ್ಪು ನನ್ನದೇ. ಆದರೆ ಒಬ್ಬರಾದರೂ ಓದಿದ್ದರೆ ಹಿಡಿಯುತ್ತಿದ್ದರು. ಮಂಡಳಿಗೆ ಹಿಡಿಸಿತು ಎಂದವರು ಪುಸ್ತಕ ಓದಿರಲೇ ಇಲ್ಲ.

ಅಂಗಡಿಗೆ ಒಯ್ದರೆ ವಿತರಕರು ಯಾರು ಎಂದು ಕೇಳಿದರು. ನಾನೇ ಎಂದೆ. ಪಾಪ, ನಗದೆ ಎರಡು ಪ್ರತಿ ಇಟ್ಟುಕೊಂಡರು. ಈಗ ಏಳು ಪೆಟ್ಟಿಗೆ ಮಂಚದ ಕೆಳಗಿವೆ. ಎಂಟನೆಯದರ ಮೇಲೆ ನನ್ನ ಹೆಂಡತಿ ಬಟ್ಟೆ ಇಸ್ತ್ರಿ ಮಾಡುತ್ತಾಳೆ.

ಹೊಸಪುಟ, ಡಬ್ಲಿನ್ · ಭಾನುವಾರ, ಮಧ್ಯಾಹ್ನ 12:35

ನಾನು ಡಬ್ಲಿನ್ನಿನ ಒಂದು ಪುಸ್ತಕದಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಮೇಲಿನ ಮಾತಿಗೆ ನನ್ನ ಸಾಕ್ಷಿಯೂ ಇರಲಿ: ನಿಜವಾದ ಪ್ರಕಾಶಕರು ಲೇಖಕರಿಗೆ ದುಡ್ಡು ಕೊಡುತ್ತಾರೆ, ಕೇಳುವುದಿಲ್ಲ. ಎಷ್ಟೇ ಸಣ್ಣವರಾದರೂ ಅಷ್ಟೇ. ಒಂಬತ್ತು ದಿನಕ್ಕೆ ಒಪ್ಪಿಗೆ ಬಂದದ್ದೇ ಅನುಮಾನ. ಇಲ್ಲಿ ಹಸ್ತಪ್ರತಿಯ ರಾಶಿ ಕರಗುವುದಕ್ಕೆ ತಿಂಗಳುಗಳು ಬೇಕು.

ಆ ರಾಶಿಯ ಬಗ್ಗೆ ಒಂದು ಕಥೆ ಹೇಳುತ್ತೇನೆ, ಇಲ್ಲಿ ಎಲ್ಲರಿಗೂ ಗೊತ್ತಿರುವುದೇ. ಡೋನಲ್ ರಯನ್ ಎಂಬ ಸರ್ಕಾರಿ ನೌಕರ ಎರಡು ಕಾದಂಬರಿ ಬರೆದು 47 ಬಾರಿ ತಿರಸ್ಕೃತರಾದರು. ಕೊನೆಗೆ ಅವರ ಹಸ್ತಪ್ರತಿ ಡಬ್ಲಿನ್ನಿನ ಲಿಲಿಪುಟ್ ಪ್ರೆಸ್ಸಿನ ರಾಶಿಯಲ್ಲಿ ಬಿದ್ದಿತ್ತು. ಅದನ್ನು ಎತ್ತಿ ಓದಿ ಇದನ್ನು ಬಿಡಬಾರದು ಎಂದು ಹಟ ಹಿಡಿದವರು ಅಲ್ಲಿ ತರಬೇತಿಗೆಂದು ಬಂದಿದ್ದ ಸಾರಾ ಡೇವಿಸ್-ಗಾಫ್. ಪುಸ್ತಕ 2012ರಲ್ಲಿ ಬಂತು, ಮರುವರ್ಷ ಬುಕರ್ ಮೊದಲ ಪಟ್ಟಿಗೆ ಸೇರಿತು, ಗಾರ್ಡಿಯನ್ ಪತ್ರಿಕೆಯ ಚೊಚ್ಚಲ ಕೃತಿ ಬಹುಮಾನವನ್ನೂ ಪಡೆಯಿತು. ಲಿಲಿಪುಟ್ಟನ್ನು 1984ರಲ್ಲಿ ಆ್ಯಂಟನಿ ಫ್ಯಾರೆಲ್ ವೆಸ್ಟ್‌ಮೀತ್ ಜಿಲ್ಲೆಯಲ್ಲಿ ಶುರುಮಾಡಿದ್ದು. ಅಲ್ಲಿಯ ಕೆರೆಯ ದಂಡೆಯಲ್ಲಿ ಲಿಲಿಪುಟ್ ಎಂಬ ಊರು ನಿಜಕ್ಕೂ ಇದೆ. ಗಲಿವರನ ಕಥೆ ಬರೆದ ಸ್ವಿಫ್ಟ್ ಅತ್ತ ಬಂದು ಹೋಗುತ್ತಿದ್ದನಂತೆ.

ಅದೇ ಸಾರಾ, ಲೀಸಾ ಕೋಯೆನ್ ಜೊತೆ ಸೇರಿ 2014ರಲ್ಲಿ ಟ್ರ್ಯಾಂಪ್ ಪ್ರೆಸ್ ಕಟ್ಟಿದರು. ಮೈಕ್ ಮೆಕಾರ್ಮಕ್ ಅಷ್ಟು ಹೊತ್ತಿಗೆ ಕೆಲವು ಪುಸ್ತಕ ಬರೆದಿದ್ದರೂ ಪ್ರಕಾಶಕರಿಲ್ಲದೆ ವರ್ಷಗಟ್ಟಲೆ ಕುಳಿತಿದ್ದರು. ಇಡೀ ಕಾದಂಬರಿ ಒಂದೇ ವಾಕ್ಯ, ಪೂರ್ಣವಿರಾಮವೇ ಇಲ್ಲ, ಯಾರು ಹಾಕುತ್ತಾರೆ? ಟ್ರ್ಯಾಂಪ್‌ನವರು 2016ರಲ್ಲಿ ಹಾಕಿದರು. ಅದೇ ವರ್ಷ ಗೋಲ್ಡ್‌ಸ್ಮಿತ್ಸ್ ಬಹುಮಾನ, 2018ರಲ್ಲಿ ಡಬ್ಲಿನ್ ಅಂತಾರಾಷ್ಟ್ರೀಯ ಬಹುಮಾನ. ಬುಕರಿಗೆ ಮಾತ್ರ ಆ ಪ್ರತಿ ನಡೆಯಲಿಲ್ಲ, ಏಕೆಂದರೆ ಪ್ರಕಾಶಕರು ಬ್ರಿಟನ್ನಿನವರೇ ಆಗಿರಬೇಕಿತ್ತು. ಮರುವರ್ಷ ಸ್ಕಾಟ್ಲೆಂಡಿನ ಪ್ರಕಾಶಕರು ಮರುಮುದ್ರಿಸಿದ ಮೇಲೆ ಅದೇ ಪುಸ್ತಕ ಬುಕರ್ ಮೊದಲ ಪಟ್ಟಿಗೆ ಬಂತು! 2018ರಲ್ಲಿ ಆ ನಿಯಮ ಸಡಿಲಿಸಿ ಐರ್ಲೆಂಡಿನ ಪ್ರಕಾಶಕರಿಗೂ ಬಾಗಿಲು ತೆರೆದರು.

ಒಂದು ಎಚ್ಚರಿಕೆ. ಟ್ರ್ಯಾಂಪ್ ನಡೆಸುವವರು ಇಬ್ಬರು ಹೆಂಗಸರು. ‘ಡಿಯರ್ ಸರ್ಸ್’ ಎಂದು ಶುರುವಾಗುವ ಪತ್ರಗಳನ್ನು ಮುಂದೆ ಓದುವುದಿಲ್ಲ ಎಂದು ಬಹಿರಂಗವಾಗಿಯೇ ಹೇಳಿದ್ದಾರೆ.

ನಿಮ್ಮದು ಕಥಾಸಂಕಲನವಾದ್ದರಿಂದ ಹೇಳುತ್ತೇನೆ, ಪುಸ್ತಕದ ಮಾತು ಈಗಲೇ ಬೇಡ. ಒಂದೇ ಒಂದು ಕಥೆ ಆರಿಸಿ ಪತ್ರಿಕೆಗೆ ಕಳಿಸಿ. ಸ್ಟಿಂಗಿಂಗ್ ಫ್ಲೈ 1997ರಲ್ಲಿ ಹುಟ್ಟಿದ ಪತ್ರಿಕೆ, ಪುಸ್ತಕ ಪ್ರಕಾಶನವನ್ನೂ ನಡೆಸುತ್ತದೆ. ಕೆವಿನ್ ಬ್ಯಾರಿಯ ಮೊದಲ ಸಂಕಲನ 2007ರಲ್ಲಿ, ಕಾಲಿನ್ ಬ್ಯಾರಟ್‌ನದು 2013ರಲ್ಲಿ ಬಂದದ್ದು ಅಲ್ಲಿಂದಲೇ. ಬ್ಯಾರಟ್‌ಗೂ 2014ರಲ್ಲಿ ಅದೇ ಗಾರ್ಡಿಯನ್ ಬಹುಮಾನ ಬಂತು. ಎರಡು ವರ್ಷ ಒಂದರ ಹಿಂದೊಂದು, ಎರಡೂ ಡಬ್ಲಿನ್ನಿನ ಪುಟ್ಟ ಕೋಣೆಗಳಿಂದ ಹೊರಟ ಪುಸ್ತಕಗಳು. ಬ್ಯಾನ್ಷಿ, ಟೋಲ್ಕ ಪತ್ರಿಕೆಗಳನ್ನೂ ನೋಡಿ. ಟೋಲ್ಕದ್ದು ಹೆಚ್ಚಾಗಿ ಪ್ರಬಂಧದ ಕಡೆಗೆ ಒಲವು. ಎಲ್ಲರೂ ವರ್ಷವಿಡೀ ತೆಗೆದುಕೊಳ್ಳುವುದಿಲ್ಲ. ಬಾಗಿಲು ತೆರೆಯುವ ದಿನಗಳನ್ನು ಅವರವರ ಜಾಲತಾಣದಲ್ಲಿ ನೋಡಿಕೊಳ್ಳಬೇಕು.

ಇನ್ನೊಂದು ಹೆಸರು, ಬಹುಶಃ ನಿಮಗೆ ಹೆಚ್ಚು ಹತ್ತಿರದ್ದು: ಸ್ಕೇನ್ ಪ್ರೆಸ್. ಹೊರಗಿನಿಂದ ಬಂದು ಇಲ್ಲಿ ನೆಲೆಸಿದವರ, ಇಲ್ಲಿಯ ಪುಸ್ತಕಗಳಲ್ಲಿ ಅಷ್ಟಾಗಿ ಕೇಳಿಸದವರ ಬರಹಕ್ಕೆಂದೇ ಇರುವ ಪ್ರಕಾಶನ. ನೈಜೀರಿಯಾದಿಂದ ಬಂದು ಆಶ್ರಯ ಕೋರಿದವರ ವಸತಿಗೃಹಗಳಲ್ಲಿ ಎಂಟು ವರ್ಷಕ್ಕೂ ಹೆಚ್ಚು ಕಳೆದ ಮೆಲಾಟು ಉಚೆ ಒಕೊರಿಯವರ ಮೊದಲ ಕಥಾಸಂಕಲನವನ್ನು 2018ರಲ್ಲಿ ತಂದವರು ಇವರೇ.

ಕವಿತೆಯಾದರೆ ಬೇರೆ ದಾರಿ: ಗ್ಯಾಲರಿ, ಡೆಡಲಸ್, ಸ್ಯಾಮನ್. ಅದು ನಿಮಗೆ ಬೇಡ.

ರಾತ್ರಿಪಾಳಿ, ಗಾಲ್ವೇ · ಭಾನುವಾರ, ಮಧ್ಯಾಹ್ನ 3:20

ನನ್ನ ಪತ್ರವನ್ನು ಈಗಷ್ಟೇ ತೆರೆದು ನೋಡಿದೆ. ‘ಡಿಯರ್ ಸರ್’ ಎಂದೇ ಇದೆ. ಶಾಲೆಯಲ್ಲಿ ರಜೆಯ ಅರ್ಜಿ ಬರೆಯಲು ಕಲಿಸಿದ್ದು ಇನ್ನೂ ಕೈ ಬಿಟ್ಟಿಲ್ಲ. 3,800 ಯೂರೋದವರಿಗೆ ಬೇಡ ಎಂದು ಬರೆದುಬಿಟ್ಟೆ. ಹತ್ತೇ ನಿಮಿಷಕ್ಕೆ 2,900ಕ್ಕೆ ಇಳಿದರು. ಭಾನುವಾರದ ಮಧ್ಯಾಹ್ನ!

ಲೆಕ್ಕದ ಪುಸ್ತಕ, ಡಬ್ಲಿನ್ · ಭಾನುವಾರ, ಸಂಜೆ 6:45

ತರಕಾರಿ ಸಂತೆಯೂ ಇದಕ್ಕಿಂತ ವಾಸಿ. ದುಡ್ಡಿನ ಭಾಗ ನಾನು ಹೇಳುತ್ತೇನೆ, ವೃತ್ತಿಯೇ ಅದು.

ಮೊದಲು ತೆರಿಗೆ. 1969ರಲ್ಲಿ ಚಾರ್ಲ್ಸ್ ಹಾಹಿ ಹಣಕಾಸು ಮಂತ್ರಿಯಾಗಿದ್ದಾಗ ಸೃಜನಶೀಲ ಬರವಣಿಗೆಯ ಆದಾಯಕ್ಕೆ ಆದಾಯ ತೆರಿಗೆ ವಿನಾಯಿತಿ ತಂದರು. ಈಗಿನ ಮಿತಿ ವರ್ಷಕ್ಕೆ 50,000 ಯೂರೋ. ತಾನಾಗಿ ಸಿಗುವುದಿಲ್ಲ, ತೆರಿಗೆ ಇಲಾಖೆಗೆ ಅರ್ಜಿ ಹಾಕಿ ಕೃತಿ ಸ್ವಂತದ್ದು, ಸೃಜನಶೀಲವಾದದ್ದು ಎಂದು ತೋರಿಸಬೇಕು. ವಿನಾಯಿತಿ ಸಿಕ್ಕರೂ ಸಾಮಾಜಿಕ ವಿಮೆಯ ವಂತಿಗೆ ಮತ್ತು ಯುಎಸ್‌ಸಿ ಎಂಬ, ಆದಾಯದ ಮೇಲಿನ ಇನ್ನೊಂದು ತೆರಿಗೆ ಕಟ್ಟಲೇಬೇಕು. ಇದನ್ನು ಮರೆತು ಆಮೇಲೆ ನನ್ನ ಬಳಿ ಓಡಿಬಂದವರಿದ್ದಾರೆ.

ಆಮೇಲೆ ಆರ್ಟ್ಸ್ ಕೌನ್ಸಿಲ್, ಸರ್ಕಾರದ ಹಣವನ್ನು ಕಲೆ, ಸಾಹಿತ್ಯಕ್ಕೆ ಹಂಚುವ, 1951ರಿಂದ ಇರುವ ಸಂಸ್ಥೆ. ಸಾಹಿತ್ಯಕ್ಕೆ ಪ್ರತ್ಯೇಕ ಬರ್ಸರಿ ಇದೆ. ಕೆಲಸಕ್ಕೆ ಸಮಯ ಕೊಂಡುಕೊಳ್ಳಲು ಕೊಡುವ ಹಣ ಎಂದುಕೊಳ್ಳಿ. ಹೊಸಬರಿಗೆ ಅಜಿಲಿಟಿ ಎಂಬ ಸಣ್ಣ ಮೊತ್ತದ ಅನುದಾನವಿದೆ. ಇನ್ನೂ ಹತ್ತಿರದ ಬಾಗಿಲು ನಿಮ್ಮ ಜಿಲ್ಲೆಯ ಕೌನ್ಸಿಲಿನ ಕಲಾ ಅಧಿಕಾರಿ. ದೇಶದಲ್ಲಿ 31 ಸ್ಥಳೀಯ ಆಡಳಿತಗಳಿವೆ, ಅವುಗಳಲ್ಲಿ ಇಂಥ ಕಚೇರಿಗಳಿವೆ. ಡಬ್ಲಿನ್ನಿನವರು ಜಗಳವಾಡುವ ಹಣಕ್ಕಿಂತ ಅಲ್ಲಿಯ ಸಣ್ಣ ಹಣಕ್ಕೆ ನೂಕುನುಗ್ಗಲು ಕಡಿಮೆ.

ಐರ್ಲೆಂಡಿನಲ್ಲಿ ಎಲ್ಲರೂ ಮಾತಾಡಿದ್ದು ಕಲಾವಿದರ ಮೂಲ ಆದಾಯ ಎಂಬ ಸರ್ಕಾರಿ ಯೋಜನೆಯ ಬಗ್ಗೆ. 2022ರಲ್ಲಿ ಪ್ರಾಯೋಗಿಕವಾಗಿ ಶುರುವಾಯಿತು: 2,000 ಮಂದಿಗೆ ವಾರಕ್ಕೆ 325 ಯೂರೋ, ಮೂರು ವರ್ಷ. ಅರ್ಜಿ ಹಾಕಿದವರು 9,000ಕ್ಕೂ ಹೆಚ್ಚು. ಅರ್ಹರಲ್ಲಿ ಯಾರಿಗೆ ಎಂದು ಲಾಟರಿ ಎತ್ತಿದರು. ಯಾರು ದೊಡ್ಡ ಲೇಖಕರು, ಯಾರು ಸಣ್ಣವರು ಎಂದು ತೂಗುವ ಸಮಿತಿಯೇ ಇರಲಿಲ್ಲ. ನನಗೆ ಹಿಡಿಸಿದ್ದು ಅದೇ.

ವೀಸಾ ಮರೆಯಬೇಡಿ. ಉದ್ಯೋಗ ಪರವಾನಗಿಯ ಮೇಲೆ ಇರುವವರು ಸ್ವಂತ ಗಳಿಕೆಗೆ ಕೈ ಹಾಕುವ ಮುನ್ನ ವಿಚಾರಿಸಬೇಕು. ಏಳು ವರ್ಷವಾಗಿದ್ದರೆ ನಿಮ್ಮದು ಬಹುಶಃ ಸ್ಟ್ಯಾಂಪ್ 4, ಅಂದರೆ ಉದ್ಯೋಗ ಪರವಾನಗಿ ಬೇಕಿಲ್ಲದ ವಾಸದ ಅನುಮತಿ, ಆಗಿರುತ್ತದೆ, ಆಗ ತೊಂದರೆಯಿಲ್ಲ.

ಅಡ್ಡಮಾತು, ಬೆಂಗಳೂರು · ಭಾನುವಾರ, ರಾತ್ರಿ 8:15

ಒಂದು ಅಡ್ಡಮಾತು ಹಾಕುತ್ತೇನೆ, ಬೇಸರಿಸಬೇಡಿ. ಸರ್ಕಾರದ ಅನ್ನ ಉಂಡ ಬಾಯಿ ಸರ್ಕಾರದ ವಿರುದ್ಧ ತೆರೆಯುತ್ತದೆಯೇ? ಇಲ್ಲಿ ಗ್ರಂಥಾಲಯದ ಸಗಟು ಖರೀದಿಯನ್ನೇ ನಂಬಿ ಪುಸ್ತಕ ಹಾಕುವವರನ್ನು ನೋಡಿ ನೋಡಿ ಸಾಕಾಗಿದೆ. ಆ ಪುಸ್ತಕಗಳಿಗೆ ಓದುಗರೇ ಬೇಕಾಗಿಲ್ಲ, ಗೋದಾಮು ಸಾಕು. ಐರ್ಲೆಂಡಿನಲ್ಲಿ ಮಾತ್ರ ಅದು ಹೇಗೆ ಬೇರೆಯಾದೀತು?

ಹೊಸಪುಟ, ಡಬ್ಲಿನ್ · ಭಾನುವಾರ, ರಾತ್ರಿ 9:05

ಪ್ರಶ್ನೆ ಸರಿಯಾದದ್ದೇ. ಆದರೆ ಇಲ್ಲಿಯ ಚರಿತ್ರೆ ಸ್ವಲ್ಪ ತಮಾಷೆಯದು. ಇದೇ ರಾಜ್ಯ 1929ರಲ್ಲಿ ಪುಸ್ತಕ ನಿಷೇಧದ ಕಾನೂನು ಮಾಡಿ ತನ್ನದೇ ಒಳ್ಳೆಯ ಲೇಖಕರನ್ನು ದಶಕಗಟ್ಟಲೆ ನಿಷೇಧಿಸಿತು. 1965ರಲ್ಲಿ ಜಾನ್ ಮೆಗ್ಯಾಹರ್ನ್ ಅವರ ಕಾದಂಬರಿ ನಿಷೇಧವಾಯಿತು, ಮೇಷ್ಟ್ರ ಕೆಲಸವೂ ಹೋಯಿತು. ನಾಲ್ಕೇ ವರ್ಷಕ್ಕೆ ಅದೇ ರಾಜ್ಯ ಲೇಖಕರಿಗೆ ತೆರಿಗೆ ಬೇಡ ಎಂದಿತು. ಆ ಕಾಲದಲ್ಲಿ ಬಾಯಿ ಮುಚ್ಚಿಸಿದ್ದು ಅನುದಾನವಲ್ಲ, ಸುಂಕದ ಕಟ್ಟೆಯಲ್ಲಿ ನಿಂತು ಪುಸ್ತಕ ಹಿಡಿಯುತ್ತಿದ್ದ ಕಾನೂನು. ಇಂದಿನ ಹಣ ಆರ್ಟ್ಸ್ ಕೌನ್ಸಿಲ್ ಮೂಲಕ ಬರುತ್ತದೆ, ಯಾವ ಪುಸ್ತಕ ಎಂದು ಮಂತ್ರಿ ಹೇಳುವುದಿಲ್ಲ.

ಇನ್ನೊಂದು, ಸಗಟು ಖರೀದಿ ಅಚ್ಚಾದ ಪ್ರತಿಗೆ ಹಣ ಕೊಡುತ್ತದೆ. ಇಲ್ಲಿಯ ಅನುದಾನ ಅಚ್ಚಾಗುವ ಮುಂಚಿನ ಕೆಲಸಕ್ಕೂ ಹೋಗುತ್ತದೆ. ಯಾರೋ ಒಬ್ಬರು ಕುಳಿತು ರಾಶಿಯನ್ನು ಓದುವುದಕ್ಕೆ, 47ನೆಯ ಪುಟದ ಸುಮಾ 49ರಲ್ಲಿ ಸೀಮಾ ಆದದ್ದನ್ನು ಹಿಡಿಯುವುದಕ್ಕೆ.

ಕಾರ್ಕಿನ ಕಿಟಕಿ · ಭಾನುವಾರ, ರಾತ್ರಿ 9:11

ಆ ಹೆಸರನ್ನು ಇನ್ನು ಯಾರೂ ಎತ್ತಬೇಡಿ ದಯವಿಟ್ಟು.

ಲೆಕ್ಕದ ಪುಸ್ತಕ, ಡಬ್ಲಿನ್ · ಭಾನುವಾರ, ರಾತ್ರಿ 9:30

ಅನುದಾನ ಸಿಕ್ಕಿತೆಂದು ಯಾರೂ ಕೆಲಸ ಬಿಡಬೇಡಿ ಎಂದೂ ಹೇಳಬೇಕು. ಮೇಲೆ ಹೇಳಿದ ಡೋನಲ್ ರಯನ್, ಅಷ್ಟೆಲ್ಲ ಬಹುಮಾನ ಬಂದ ಮೇಲೂ, 2017ರಲ್ಲಿ ಮನೆಸಾಲ ಕಟ್ಟಲು ಮತ್ತೆ ಸರ್ಕಾರಿ ನೌಕರಿಗೆ ಹೋದರು. ಒಂದು ಪ್ರತಿಗೆ ತನಗೆ ಸಿಗುವುದು ಸುಮಾರು 40 ಸೆಂಟ್ ಎಂದು ಸಂದರ್ಶನದಲ್ಲಿ ಲೆಕ್ಕ ಹೇಳಿದ್ದರು. ಇಡೀ ದ್ವೀಪದಲ್ಲಿ ಇರುವುದೇ ಸುಮಾರು 70 ಲಕ್ಷ ಜನ. ಬೆಂಗಳೂರು ಅದಕ್ಕಿಂತ ದೊಡ್ಡದು.

ಹಳೆಯ ಕಂಪಾಸಿಟರ್, ಧಾರವಾಡ · ಸೋಮವಾರ, ಬೆಳಿಗ್ಗೆ 6:50

ಮೂವತ್ತೊಂದು ವರ್ಷ ಅಚ್ಚುಮೊಳೆ ಜೋಡಿಸಿದವನು ನಾನು, ಆಮೇಲೆ ಕಂಪ್ಯೂಟರಿಗೆ ಬಂದೆ. ಹೊಸಬರ ಈ ಮಾತುಗಳನ್ನು ಓದಿ ಖುಷಿಯಾಯಿತು. ಮುದುಕನದು ಎರಡು ಮಾತು.

ಐರ್ಲೆಂಡಿನ ಸಣ್ಣ ಮುದ್ರಣಾಲಯ ಎಂದೊಡನೆ ನನಗೆ ನೆನಪಾಗುವುದು ಕ್ವಾಲಾ ಪ್ರೆಸ್. ಕವಿ ಯೇಟ್ಸ್ ಅವರ ತಂಗಿ ಎಲಿಜಬೆತ್ ಕೈಯಂತ್ರದಲ್ಲಿ, ಹೆಣ್ಣುಮಕ್ಕಳನ್ನೇ ಕೆಲಸಕ್ಕಿಟ್ಟುಕೊಂಡು ನಡೆಸುತ್ತಿದ್ದ ಮುದ್ರಣಾಲಯ. ರವೀಂದ್ರನಾಥ ಠಾಕೂರರ ‘ಅಂಚೆಮನೆ’ ನಾಟಕದ ಇಂಗ್ಲಿಷ್ ಅನುವಾದವನ್ನು 1914ರಲ್ಲಿ ಅಚ್ಚು ಹಾಕಿದ್ದು ಇವರು.

ಎರಡನೆಯದು ನಮ್ಮ ಮನೆಯದೇ ಸುದ್ದಿ. ಬೆಲ್‌ಫಾಸ್ಟಿನಲ್ಲಿ ಹುಟ್ಟಿದ ಐರಿಶ್ ಕವಿ ಜೇಮ್ಸ್ ಕಸಿನ್ಸ್ 1924ರಲ್ಲಿ ಮೈಸೂರಿಗೆ ಬಂದಿದ್ದಾಗ ಹುಡುಗ ಪುಟ್ಟಪ್ಪ ತಾನು ಬರೆದ ಇಂಗ್ಲಿಷ್ ಕವಿತೆಗಳನ್ನು ಒಯ್ದು ತೋರಿಸಿದ. ನಿಮ್ಮ ಭಾಷೆಯಲ್ಲಿ ಏನೂ ಬರೆದಿಲ್ಲವೇ ಎಂದು ಕಸಿನ್ಸ್ ಕೇಳಿದರು. ಹುಡುಗನಿಗೆ ಮೊದಲು ಸಿಟ್ಟು ಬಂತು, ಆಮೇಲೆ ಕುವೆಂಪು ಆದ. ಈಗ ಸಾಗರದ ಹೆಣ್ಣುಮಗಳು ಕಸಿನ್ಸರ ದೇಶಕ್ಕೆ ಹೋಗಿ ಇಂಗ್ಲಿಷಿನಲ್ಲಿ ಬರೆಯುತ್ತಿದ್ದಾಳೆ. ತಂಗೀ, ನಿನ್ನ ಕನ್ನಡದ ಪ್ರತಿ ಎಲ್ಲಿದೆ?

ರಾತ್ರಿಪಾಳಿ, ಗಾಲ್ವೇ · ಸೋಮವಾರ, ಬೆಳಿಗ್ಗೆ 9:40

ರಾಯರೇ, ಕನ್ನಡದ ಪ್ರತಿ ನೋಟುಬುಕ್ಕಿನಲ್ಲಿದೆ. ಎರಡು ಪುಟಕ್ಕೆ ಚಹಾದ ಕಲೆ. ಊರಿನ ಪ್ರಕಾಶಕರನ್ನು ಇಲ್ಲಿಂದ ಹುಡುಕುವುದು ಹೇಗೆಂದು ತಿಳಿಯದೆ ಇಂಗ್ಲಿಷಿಗೆ ಇಳಿದೆ. ಐರಿಶ್ ಭಾಷೆಯಲ್ಲಿ ಬರೆಯುವವರಿಗೂ ಇಲ್ಲಿ ಇದೇ ಪಾಡೇ?

ಹೊಸಪುಟ, ಡಬ್ಲಿನ್ · ಸೋಮವಾರ, ಮಧ್ಯಾಹ್ನ 1:15

ಅವರ ಪಾಡು ಕೆಲವು ವಿಷಯಗಳಲ್ಲಿ ನಮಗಿಂತ ಕಷ್ಟ, ಕೆಲವುಗಳಲ್ಲಿ ಸುಲಭ. 2022ರ ಜನಗಣತಿಯ ಪ್ರಕಾರ ಶಾಲೆಯ ಹೊರಗೆ ದಿನನಿತ್ಯ ಐರಿಶ್ ಆಡುವವರು ಸುಮಾರು 72,000. ಕನ್ನಡ ಮಾತೃಭಾಷೆಯವರು 2011ರಲ್ಲೇ ನಾಲ್ಕು ಕೋಟಿ ದಾಟಿದ್ದರು. ಆದರೂ ಐರಿಶ್‌ನಲ್ಲಿ ಪ್ರಕಾಶನಗಳು ಹಲವಿವೆ. ಫೊರಸ್ ನಾ ಗೇಲಿಗೆ ಎಂಬ ಭಾಷಾ ಸಂಸ್ಥೆ ಪುಸ್ತಕಗಳಿಗೆ ನೆರವು ಕೊಡುತ್ತದೆ.

ನಿಮ್ಮ ಗಾಲ್ವೇಯಿಂದ ಪಶ್ಚಿಮಕ್ಕೆ, ಕಡಲ ಬದಿಯ ರಸ್ತೆಯಲ್ಲಿ ಬೆಳೆದದ್ದು ಕ್ಲೋ ಇಯರ್-ಖೊನಖ್ತ್ ಎಂಬ ಐರಿಶ್ ಭಾಷೆಯ ಪ್ರಕಾಶನ. 1985ರಲ್ಲಿ ಕಥೆಗಾರ ಮಿಹಾಲ್ ಓ ಕೊನೀಲ ಕಟ್ಟಿದ್ದು. ‘ಕ್ಲೋ’ ಎಂದರೆ ಅಚ್ಚು, ಕಂಪಾಸಿಟರ್ ಸರ್‌ಗೆ ಹಿಡಿಸಬಹುದು. ಅದು ಬೆಳೆದ ಊರಿನ ಹೆಸರನ್ನು ಅಲ್ಲಿಯವರು ಹೇಳುವಾಗ ನನ್ನ ಕಿವಿಗೆ ‘ಇಂದ್ರವನ’ ಎಂದೇ ಕೇಳಿಸುತ್ತದೆ. ಒಮ್ಮೆ ಹೋಗಿ ಬನ್ನಿ.

ಹಳೆಯ ಕಂಪಾಸಿಟರ್, ಧಾರವಾಡ · ಸೋಮವಾರ, ಮಧ್ಯಾಹ್ನ 2:00

ಇಂದ್ರವನದಲ್ಲಿ ಅಚ್ಚು! ನಮ್ಮ ಮನೋಹರ ಗ್ರಂಥಮಾಲೆ 1933ರಿಂದ ಅಟ್ಟದ ಮೇಲಿದೆ, ಅವರದು ಇನ್ನೂ ಎತ್ತರವಾಯಿತು. ತಂಗೀ, ಛಂದ ಪುಸ್ತಕದವರು ಮೊದಲ ಕಥಾಸಂಕಲನದ ಹಸ್ತಪ್ರತಿಗೆ ಸ್ಪರ್ಧೆ ನಡೆಸುತ್ತಾ ಬಂದಿದ್ದಾರೆ, ಪ್ರಕಟಣೆ ಯಾವಾಗ ಬರುತ್ತದೆ ಎಂದು ಕಣ್ಣಿಡು. ಪುಸ್ತಕ ಪ್ರಾಧಿಕಾರದಲ್ಲಿ ಚೊಚ್ಚಲ ಕೃತಿಗೆ ಪ್ರೋತ್ಸಾಹಧನದ ಯೋಜನೆ ಇದೆ.

ಅಡ್ಡಮಾತು, ಬೆಂಗಳೂರು · ಸೋಮವಾರ, ಮಧ್ಯಾಹ್ನ 2:25

ಲಿಟರೇಚರ್ ಐರ್ಲೆಂಡ್ ಎಂಬ ಸಂಸ್ಥೆ ಅನುವಾದಕ್ಕೆ ಹಣ ಕೊಡುತ್ತದಂತಲ್ಲ, ಅಲ್ಲಿ ಕೇಳಿದರೆ ಕನ್ನಡದಿಂದ ಇಂಗ್ಲಿಷಿಗೆ ಆಗುವುದಿಲ್ಲವೇ?

ಹೊಸಪುಟ, ಡಬ್ಲಿನ್ · ಸೋಮವಾರ, ಮಧ್ಯಾಹ್ನ 2:50

ಅದು ಉಲ್ಟಾ ದಾರಿ ಸರ್. 1994ರಿಂದ ಇರುವ ಆ ಸಂಸ್ಥೆ ಐರ್ಲೆಂಡಿನ ಸಾಹಿತ್ಯ ಬೇರೆ ಭಾಷೆಗೆ ಹೋಗುವುದಕ್ಕೆ ನೆರವಾಗುತ್ತದೆ. ಅರ್ಜಿ ಹಾಕಬೇಕಾದವರು ಆ ಭಾಷೆಯ ಪ್ರಕಾಶಕರು, ಹಣ ಅನುವಾದಕರ ಸಂಭಾವನೆಗೆ. ಕನ್ನಡದ ಪ್ರಕಾಶಕರು ಐರಿಶ್ ಕಾದಂಬರಿ ತರಬೇಕೆಂದಿದ್ದರೆ ಕೇಳಿ ನೋಡಬಹುದು. ಕನ್ನಡದಿಂದ ಇಂಗ್ಲಿಷಿಗೆ ಹೋಗುವವರಿಗೂ ಸಣ್ಣ ಪ್ರಕಾಶಕರೇ ಗತಿ: 2025ರಲ್ಲಿ ಅಂತಾರಾಷ್ಟ್ರೀಯ ಬುಕರ್ ಪಡೆದ ಬಾನು ಮುಷ್ತಾಕ್ ಅವರ ಕಥೆಗಳನ್ನು ತಂದದ್ದು ಇಂಗ್ಲೆಂಡಿನ ಶೆಫೀಲ್ಡಿನ ಒಂದು ಸಣ್ಣ ಪ್ರಕಾಶನ.

ರಾತ್ರಿಪಾಳಿಯವರಿಗೆ ಇನ್ನು ಎರಡು ವಿಳಾಸ. ಡಬ್ಲಿನ್ನಿನ 19, ಪಾರ್ನೆಲ್ ಚೌಕದಲ್ಲಿ ಐರಿಶ್ ರೈಟರ್ಸ್ ಸೆಂಟರ್ ಇದೆ, 1991ರಿಂದ. ತರಗತಿಗಳು, ಓದುಗೋಷ್ಠಿಗಳು ನಡೆಯುತ್ತವೆ. ಅವರ ಕಾದಂಬರಿ ಮೇಳದಲ್ಲಿ ಆಯ್ಕೆಯಾದ ಹೊಸಬರನ್ನು ಪ್ರಕಾಶಕರ ಎದುರು ನೇರವಾಗಿ ಕೂರಿಸುತ್ತಾರೆ. ಇನ್ನೊಂದು, ಮೊನಹನ್ ಜಿಲ್ಲೆಯ ಟೈರೋನ್ ಗಥ್ರಿ ಸೆಂಟರ್. ಬರಹಗಾರರು, ಕಲಾವಿದರು ಕೆಲವು ದಿನ ಉಳಿದು ಕೆಲಸ ಮಾಡುವ ಜಾಗ, ಆ ಹೆಸರಿನ ರಂಗನಿರ್ದೇಶಕರು ಬಿಟ್ಟುಹೋದ ದೊಡ್ಡ ಮನೆ, ಕೆರೆಯ ಪಕ್ಕ. ಹಗಲೆಲ್ಲ ಯಾರೂ ಯಾರನ್ನೂ ಮಾತಾಡಿಸಬೇಕಾಗಿಲ್ಲ, ಸಂಜೆ ಏಳಕ್ಕೆ ಮಾತ್ರ ಎಲ್ಲರೂ ಒಂದೇ ಮೇಜಿನ ಸುತ್ತ ಊಟಕ್ಕೆ ಕೂರಬೇಕು.

ರಾತ್ರಿಪಾಳಿ, ಗಾಲ್ವೇ · ಸೋಮವಾರ, ಸಂಜೆ 5:30

ಬೇರೆಯವರು ಬೇಯಿಸಿದ ಊಟ ಏಳು ಗಂಟೆಗೆ ಸಿಗುತ್ತದೆಂದರೆ ಕಥೆ ಬರೆಯದೆಯೂ ಹೋಗುತ್ತೇನೆ. ‘ಡಿಯರ್ ಸರ್’ ಅಳಿಸಿದೆ. ಅಡಿಕೆ ಸುಲಿಯುವ ಕಥೆಯೊಂದನ್ನೇ ಒಂದು ಪತ್ರಿಕೆಗೆ ಕಳಿಸುತ್ತೇನೆ.

ರಾತ್ರಿಪಾಳಿ, ಗಾಲ್ವೇ · ನಾಲ್ಕು ತಿಂಗಳ ನಂತರ, ಗುರುವಾರ ಬೆಳಿಗ್ಗೆ 9:25

ಹಳೆಯ ಚರ್ಚೆಯನ್ನು ಮತ್ತೆ ಎಬ್ಬಿಸುತ್ತಿದ್ದೇನೆ, ಕ್ಷಮಿಸಿ. ಉತ್ತರ ಬಂತು. ಕಥೆ ತೆಗೆದುಕೊಂಡಿಲ್ಲ. ಆದರೆ ಎಲ್ಲರಿಗೂ ಕಳಿಸುವ ಎರಡು ಸಾಲಿನ ಕೆಳಗೆ ಸಂಪಾದಕರು ತಾವೇ ಒಂದು ಸಾಲು ಸೇರಿಸಿದ್ದಾರೆ: ಅತ್ತೆ ಕತ್ತಿಯನ್ನು ಒರೆಸಿ ಗೋಡೆಗೆ ಸಿಕ್ಕಿಸುವಲ್ಲಿಗೆ ಕಥೆ ಮುಗಿದಿದೆ, ಕೊನೆಯ ಪುಟ ಬೇಕಾಗಿಲ್ಲ, ಮುಂದಿನ ಕಥೆ ಕಳಿಸಿ ಎಂದು. ಆ ಪುಟ ತೆಗೆದು ಓದಿದೆ. ಅವರು ಹೇಳಿದ್ದು ಸರಿ.

ಕಾರ್ಕಿನ ಕಿಟಕಿ · ಗುರುವಾರ, ಬೆಳಿಗ್ಗೆ 9:50

ಆ ಒಂದು ಸಾಲಿಗೆ ನಾನು 2,600 ಯೂರೋ ಕೊಡುತ್ತಿದ್ದೆ ಅಕ್ಕ.

ಹಳೆಯ ಕಂಪಾಸಿಟರ್, ಧಾರವಾಡ · ಗುರುವಾರ, ಬೆಳಿಗ್ಗೆ 10:15

ಕನ್ನಡದ ಪ್ರತಿಯಲ್ಲೂ ಆ ಪುಟ ತೆಗೆದೆಯಾ ತಂಗೀ?

ರಾತ್ರಿಪಾಳಿ, ಗಾಲ್ವೇ · ಗುರುವಾರ, ಬೆಳಿಗ್ಗೆ 10:20

ಕನ್ನಡದಲ್ಲಿ ಆ ಪುಟ ಇರಲೇ ಇಲ್ಲ ರಾಯರೇ. ಇಲ್ಲಿಯವರಿಗೆ ಅರ್ಥವಾಗಲಿಕ್ಕಿಲ್ಲ ಎಂದು ಇಂಗ್ಲಿಷಿಗೆ ತರುವಾಗ ಸೇರಿಸಿದ್ದೆ.